ಬಣ್ಣ ಕೊನೆಗೆ: ಒಂದು ಹಳೇ ಡಾಡ್ಜ್ ಕಾರಿನಿಂದ ಕಲಿತ ಪಾಠ

ಯೌವನಸ್ಥರ ಕೂಟದ ಸಂದೇಶ. ಓದುವ ಭಾಗ: ನೆಹೆಮೀಯ 2:11-16, 2 ಅರಸು 12:4-15, ಗಲಾತ್ಯ 6:1

ಬೈಬಲ್ ತಂದವರು ನೆಹೆಮೀಯ ಎರಡನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ.

ಸ್ವಲ್ಪ ದಿನದಿಂದ ನೀವೆಲ್ಲ ನನಗೆ ಎರಡು ಪ್ರಶ್ನೆ ಕೇಳ್ತಿದ್ದೀರಿ. ಒಂದನ್ನು ಎಲ್ಲರ ಮುಂದೆ ನಗ್ತಾ ಕೇಳ್ತೀರಿ: "ಬ್ರದರ್, ಆ ಕಾರು ಯಾವಾಗ ರೆಡಿ?" ಇನ್ನೊಂದನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳ್ತೀರಿ: "ನಮ್ಮ ಕೀಬೋರ್ಡ್ ತಮ್ಮ ಯಾವಾಗ ಮತ್ತೆ ಆರಾಧನಾ ತಂಡಕ್ಕೆ ಬರ್ತಾನೆ?" ಇವತ್ತು ಎರಡಕ್ಕೂ ಒಟ್ಟಿಗೆ ಉತ್ತರ ಹೇಳ್ತೀನಿ. ಹೆಚ್ಚು ಹೊತ್ತು ಕಾರಿನ ಬಗ್ಗೆನೇ ಮಾತಾಡ್ತೀನಿ. ಯಾಕಂದ್ರೆ ಕಾರಿನ ವಿಷಯದಲ್ಲಿ ನಿಮಗೆಲ್ಲ ತುಂಬಾ ತಾಳ್ಮೆ ಇರೋದನ್ನ ನಾನು ಗಮನಿಸಿದ್ದೀನಿ.

ಹೊಸದಾಗಿ ಬಂದವರಿಗಾಗಿ ಸ್ವಲ್ಪ ಹಿನ್ನೆಲೆ. ನಮ್ಮ ಸಭೆಯ ಒಬ್ಬ ಹಿರಿಯ ಅಂಕಲ್ ರಾಜಾಜಿನಗರದಲ್ಲಿ ಇದ್ದಾರೆ. ಅವರ ಮನೆ ಹಿಂದೆ, ಹೊಂಗೆ ಮರದ ಕೆಳಗೆ, ಅವರ ತಂದೆ ಓಡಿಸ್ತಿದ್ದ ಡಾಡ್ಜ್ ಕಿಂಗ್ಸ್‌ವೇ ಕಾರು ಮೂವತ್ತಕ್ಕೂ ಹೆಚ್ಚು ವರ್ಷ ನಿಂತಿತ್ತು. 1950ರ ಆಸುಪಾಸಿನ ಗಾಡಿ. ಮೈಸೂರು ರಾಜ್ಯದ ಕಾಲದ, "ಎಂವೈ" ಅಂತ ಶುರುವಾಗೋ ನಂಬರ್ ಪ್ಲೇಟ್ ಇನ್ನೂ ಇದೆ. ಈಗ ಆ ಮನೆಯನ್ನ ಒಡೆದು ಅಪಾರ್ಟ್‌ಮೆಂಟ್ ಕಟ್ಟೋಕೆ ಕೊಟ್ಟಿದ್ದಾರೆ, ಜಾಗ ಖಾಲಿ ಮಾಡಬೇಕು. ಗುಜರಿಯವನು ಬಂದು ಕಾರನ್ನ ಒಂದು ಸುತ್ತು ಹಾಕಿ, ಕಿಲೋಗೆ ಇಷ್ಟು ಅಂತ ರೇಟ್ ಹೇಳಿ ಹೋದ. ಸುಮಾರು 1,400 ಕಿಲೋ ತೂಗೋ ಕಾರು, ಲೆಕ್ಕ ಅವನಿಗೆ ಸುಲಭ. ಆ ರಾತ್ರಿ ಅಂಕಲ್ ನನಗೆ ಫೋನ್ ಮಾಡಿದ್ರು. ನಾನು ವಾರವೆಲ್ಲ ಕಾಮಾಕ್ಷಿಪಾಳ್ಯದ ಲೇತ್ ಶೆಡ್‌ನಲ್ಲಿ ನಿಲ್ಲೋ ಮನುಷ್ಯ ಅಂತ ಅವರಿಗೆ ಗೊತ್ತು. "ಪಾಸ್ಟರ್, ಇದನ್ನ ಉಳಿಸೋಕೆ ಆಗುತ್ತಾ, ಒಂದ್ಸಲ ನೋಡಿ ಹೇಳಿ" ಅಂದ್ರು.

ಅಮೆರಿಕದ ಕಾರು ರಾಜಾಜಿನಗರಕ್ಕೆ ಹೇಗೆ ಬಂತು ಅಂತ ಕೆಲವರು ಕೇಳಿದ್ರಿ. ಆ ಕಥೆಯಲ್ಲಿ ನಮ್ಮೂರೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಬೇಕು ಅಂತ ಯೋಜನೆ ಹಾಕಿ, ಯುರೋಪ್ ಅಮೆರಿಕದ ಕಾರ್ಖಾನೆಗಳನ್ನ ನೋಡಿ ಬಂದಿದ್ರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಆ ಕನಸನ್ನ ಮುಂದಕ್ಕೆ ಒಯ್ದವರು ವಾಲ್‌ಚಂದ್ ಹೀರಾಚಂದ್. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಈಗಿನ ಎಚ್‌ಎಎಲ್, ಶುರು ಮಾಡಿದವರೂ ಅವರೇ. 1944ರಲ್ಲಿ ಅವರು ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದ್ರು. ಕ್ರೈಸ್ಲರ್ ಕಂಪನಿ ಜೊತೆ ಒಪ್ಪಂದ ಆಗಿ, ಮುಂಬೈಯ ಕುರ್ಲಾದಲ್ಲಿ ಡಾಡ್ಜ್, ಡಿಸೋಟೊ, ಪ್ಲಿಮತ್ ಕಾರುಗಳ ಜೋಡಣೆ ನಡೀತು. ಆಮೇಲೆ ನಮ್ಮ ರಸ್ತೆಗಳು ಅಂಬಾಸಿಡರ್ ಮತ್ತು ಫಿಯೆಟ್‌ನ ಪಾಲಾದವು. ದೊಡ್ಡ ಅಮೆರಿಕನ್ ಕಾರುಗಳಿಗೆ ಬಿಡಿಭಾಗ ಸಿಗಲಿಲ್ಲ, ಪೆಟ್ರೋಲ್ ಖರ್ಚು ತಡೆಯಲಾಗಲಿಲ್ಲ. ಎಷ್ಟೋ ಕಾರುಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿ ಮಾಡಿದ್ರು. ಈ ಒಂದು ಗಾಡಿ ಹುಟ್ಟಿದ ಎಂಜಿನ್ ಜೊತೆನೇ ಮರದ ಕೆಳಗೆ ಉಳಿದಿತ್ತು.

ಈಗ ವಾಕ್ಯಕ್ಕೆ ಬರೋಣ. ನೆಹೆಮೀಯ ಯೆರೂಸಲೇಮಿಗೆ ಬಂದ ತಕ್ಷಣ ಕಲ್ಲು ಎತ್ತಲಿಲ್ಲ. ಮೂರು ದಿನ ಸುಮ್ಮನೆ ಇದ್ದ. ಆಮೇಲೆ ರಾತ್ರಿ ಎದ್ದು, ಕೆಲವೇ ಜನರನ್ನ ಕರೆದುಕೊಂಡು, ದೇವರು ತನ್ನ ಹೃದಯದಲ್ಲಿ ಏನು ಹಾಕಿದ್ದಾನೆ ಅಂತ ಯಾರಿಗೂ ಹೇಳದೆ, ತಗ್ಗಿನ ಬಾಗಿಲಿನಿಂದ ಹೊರಟು ತಿಪ್ಪೆ ಬಾಗಿಲ ಕಡೆ ಹೋದ. ಬಿದ್ದ ಗೋಡೆ ನೋಡಿದ, ಸುಟ್ಟ ಬಾಗಿಲು ನೋಡಿದ. ಒಂದು ಕಡೆ ಅವನು ಕೂತಿದ್ದ ಪ್ರಾಣಿ ದಾಟೋಕೂ ದಾರಿ ಇರಲಿಲ್ಲ. ಗೋಡೆ 52 ದಿನದಲ್ಲಿ ಮುಗೀತು ಅಂತ ಆರನೇ ಅಧ್ಯಾಯದಲ್ಲಿದೆ. ಆ 52 ದಿನದ ಮೇಲೆ ಎಷ್ಟು ಪ್ರಸಂಗ ಕೇಳಿದ್ದೀವಿ! ಈ ಒಂದು ರಾತ್ರಿಯ ಮೇಲೆ ಎಷ್ಟು ಕೇಳಿದ್ದೀರಿ, ನೀವೇ ಲೆಕ್ಕ ಹಾಕಿ.

ನಾವು ಕಾರಿನ ಹತ್ತಿರ ಹೋದಾಗ ಒಯ್ದದ್ದು ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ, ಒಂದು ನೋಟ್‌ಬುಕ್. ಅಯಸ್ಕಾಂತ ಯಾಕೆ? ಹೊರಗಿಂದ ನೋಡಿದ್ರೆ ಆ ಕಾರಿನ ಬಾಗಿಲು, ಮಡ್‌ಗಾರ್ಡ್ ಎಲ್ಲ ಗಟ್ಟಿಯಾಗೇ ಕಾಣ್ತಿತ್ತು. ಅಯಸ್ಕಾಂತ ಇಟ್ಟು ಸರಿಸ್ತಾ ಬಂದ್ರೆ ಕೆಲವು ಕಡೆ ಹಿಡಿದುಕೊಳ್ಳುತ್ತೆ, ಕೆಲವು ಕಡೆ ಜಾರಿ ಬೀಳುತ್ತೆ. ಜಾರಿದ ಕಡೆ ತಗಡು ಇಲ್ಲ, ಪುಟ್ಟಿ ಇದೆ. ಯಾವುದೋ ಕಾಲದಲ್ಲಿ ಯಾರೋ ತುಕ್ಕಿನ ತೂತಿನ ಮೇಲೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. ಒಳಗೆ ತುಕ್ಕು ತನ್ನ ಪಾಡಿಗೆ ತಿಂತಾನೇ ಇದೆ. ಮುಂದಿನ ಗಾಜಿನ ಕೆಳಗೆ ಹೊಂಗೆ ಎಲೆ ಕೊಳೆತು ಮಣ್ಣಾಗಿ, ನೀರು ಹಿಡಿದು, ಡ್ರೈವರ್ ಕಾಲಿಡೋ ಜಾಗದ ತಗಡು ಸ್ಕ್ರೂಡ್ರೈವರ್ ಒತ್ತಿದ್ರೆ ಹಪ್ಪಳದ ಥರ ಮುರೀತು. ಸೀಟಿನೊಳಗೆ ಇಲಿ ಗೂಡು. ಟ್ಯಾಂಕಿನಲ್ಲಿ ಪೆಟ್ರೋಲ್ ಅಂಟಾಗಿ, ವಾರ್ನಿಶ್ ವಾಸನೆ.

ನಾಲ್ಕು ಪುಟ ಪಟ್ಟಿ ಆಯ್ತು. ಆ ದಿನ ಒಂದು ಬೋಲ್ಟ್ ಕೂಡ ಬಿಚ್ಚಲಿಲ್ಲ. ಸ್ಟೇಟಸ್‌ಗೆ ಫೋಟೋ ಹಾಕಬಾರದು ಅಂತ ನಾನೇ ಹೇಳಿದ್ದೆ. ಕೆಲವರಿಗೆ ಬೇಜಾರಾಯ್ತು, ಗೊತ್ತು. ಹಾಕಿದ್ರೆ ಮುಂದಿನ ವಾರದಿಂದ ನಾವು ಕಾರಿಗೋಸ್ಕರ ಕೆಲಸ ಮಾಡ್ತಿರಲಿಲ್ಲ, ಮುಂದಿನ ಫೋಟೋಗೋಸ್ಕರ ಮಾಡ್ತಿದ್ವಿ.

ಹಣದ ವಿಷಯ ಇಲ್ಲೇ ಹೇಳಿ ಮುಗಿಸ್ತೀನಿ. 2 ಅರಸು 12ರಲ್ಲಿ ಯೆಹೋವಾಷ ಅರಸನು ದೇವಾಲಯದ ಬಿರುಕು ಸರಿಮಾಡಿ ಅಂತ ಯಾಜಕರಿಗೆ ಹೇಳ್ತಾನೆ, ಹಣ ಬರ್ತಾ ಇರುತ್ತೆ, ಆದ್ರೆ ಅವನ ಆಳಿಕೆಯ 23ನೇ ವರ್ಷದವರೆಗೂ ಬಿರುಕು ಹಾಗೇ ಇರುತ್ತೆ. ಆಮೇಲೆ ಪೆಟ್ಟಿಗೆಗೆ ತೂತು ಮಾಡಿ ಇಡ್ತಾರೆ, ದುಡ್ಡು ನೇರವಾಗಿ ಬಡಗಿಗೆ, ಕಲ್ಲುಕುಟಿಗನಿಗೆ ಹೋಗುತ್ತೆ. ಅವರು ನಂಬಿಗಸ್ತರಾಗಿದ್ದದ್ದರಿಂದ ಲೆಕ್ಕ ಕೇಳಲಿಲ್ಲ ಅಂತಾನೂ ಬರೆದಿದೆ. ನಾವು ಅಷ್ಟು ಪರಿಶುದ್ಧರಲ್ಲ, ಹಾಗಾಗಿ ಎಕ್ಸೆಲ್ ಶೀಟ್ ಇದೆ. ಖರ್ಚು ಅಂಕಲ್ ಅವರದು. ಸಭೆಯ ಕಾಣಿಕೆಯಿಂದ ಒಂದು ರೂಪಾಯಿ ಇದಕ್ಕೆ ಹೋಗಿಲ್ಲ, ಹೋಗೋದೂ ಇಲ್ಲ.

ಈಗ ಎಂಜಿನ್. ಆರು ಸಿಲಿಂಡರ್, ಸುಮಾರು 3.6 ಲೀಟರ್, ಫ್ಲಾಟ್‌ಹೆಡ್. ಅಂದ್ರೆ ವಾಲ್ವ್‌ಗಳು ಈಗಿನ ಕಾರುಗಳ ಥರ ಮೇಲಿನ ಹೆಡ್‌ನಲ್ಲಿ ಇರಲ್ಲ, ಸಿಲಿಂಡರ್ ಪಕ್ಕದಲ್ಲಿ ಬ್ಲಾಕ್ ಒಳಗೇ ಇರ್ತವೆ. ಅಷ್ಟು ವರ್ಷ ನಿಂತು ಪಿಸ್ಟನ್‌ಗಳು ಸಿಲಿಂಡರ್‌ಗೆ ಕಚ್ಚಿಕೊಂಡಿದ್ದವು, ಎಂಜಿನ್ ಜಾಮ್. ಬೀದಿಯಲ್ಲಿ ಹೋಗೋರೆಲ್ಲ ಸಲಹೆ ಕೊಟ್ರು: "ಗೇರ್‌ಗೆ ಹಾಕಿ ಟೆಂಪೋಗೆ ಕಟ್ಟಿ ಎಳೀರಿ, ಬಿಟ್ಕೊಳ್ಳುತ್ತೆ." ಬಿಟ್ಕೊಳ್ಳಬಹುದು, ಇಲ್ಲ ಪಿಸ್ಟನ್ ರಿಂಗ್ ಮುರೀಬಹುದು, ಕನೆಕ್ಟಿಂಗ್ ರಾಡ್ ಬಾಗಬಹುದು. ನಾವು ಪ್ಲಗ್ ತೆಗೆದು ಪ್ರತಿ ಸಿಲಿಂಡರ್‌ಗೂ ಗೇರ್ ಆಯಿಲ್ ಜಾತಿಯ ತೆಳು ಎಣ್ಣೆ, ಅದೇ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕೋದು, ಅದಕ್ಕೆ ಸಮ ಅಸಿಟೋನ್ ಬೆರೆಸಿ ಹಾಕಿದ್ವಿ. ಬೇಗ ಬೆಂಕಿ ಹಿಡಿಯೋ ವಸ್ತು, ಅದಕ್ಕೇ ಆ ದಿನಗಳಲ್ಲಿ ವೆಲ್ಡಿಂಗ್ ಬಂದ್. ಹಾಕೋದು, ಕಾಯೋದು, ಕೈಯಲ್ಲಿ ಮೆಲ್ಲಗೆ ತಿರುಗಿಸಿ ನೋಡೋದು, ಮತ್ತೆ ಹಾಕೋದು. ಮೂರು ಶನಿವಾರ ಏನೂ ಆಗಲಿಲ್ಲ. ನಾಲ್ಕನೇ ಶನಿವಾರ ಒಂದು ಬೆರಳಗಲ ತಿರುಗಿತು. ಅಲ್ಲಿದ್ದವರು ಹಲ್ಲೆಲೂಯ ಅಂದದ್ದು ಮಾಗಡಿ ರೋಡ್‌ವರೆಗೂ ಕೇಳಿರಬೇಕು.

ಚಕ್ರದ ಕಥೆ ಕೇಳಿ. ಆ ಕಾಲದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಎಡಗಡೆ ಚಕ್ರಗಳ ಬೋಲ್ಟ್‌ಗೆ ಉಲ್ಟಾ ಥ್ರೆಡ್. ಓಡುವಾಗ ತಾನಾಗಿ ಸಡಿಲ ಆಗಬಾರದು ಅಂತ ಹಾಗೆ ಮಾಡಿದ್ರು. ಬಲಗಡೆ ಬೋಲ್ಟ್ ಎಲ್ಲ ಬೋಲ್ಟ್‌ನ ಹಾಗೇ ಬಿಚ್ಚುತ್ತೆ. ಎಡಗಡೆಯದ್ದನ್ನ ಅದೇ ದಿಕ್ಕಿಗೆ ತಿರುಗಿಸಿದ್ರೆ ಬಿಗಿ ಆಗುತ್ತೆ. ಇನ್ನೂ ಬಲ ಹಾಕಿದ್ರೆ ಇನ್ನೂ ಬಿಗಿ. ಸ್ಪ್ಯಾನರ್‌ಗೆ ಪೈಪ್ ಹಾಕಿ ನಿಂತು ತುಳಿದ್ರೆ ಕೊನೆಗೆ ಬೋಲ್ಟ್ ತಲೆ ಮುರಿದು ಕೈಗೆ ಬರುತ್ತೆ. ನಮ್ಮ ಗಾಡಿಯಲ್ಲಿ ಎಡಗಡೆ ಎರಡು ಬೋಲ್ಟ್ ಹಿಂದೆ ಯಾರೋ ಹೀಗೇ ಮುರಿದಿದ್ದರು. ಉಳಿದವುಗಳ ತಲೆ ಮೇಲೆ ತುಕ್ಕು ಉಜ್ಜಿ ನೋಡಿದ್ರೆ "ಎಲ್" ಅಂತ ಅಕ್ಷರ ಒತ್ತಿದೆ. ಮುರಿದವನು ಕೆಟ್ಟವನಲ್ಲ, ಶ್ರಮಪಟ್ಟೇ ಮುರಿದಿದ್ದಾನೆ.

ಗಲಾತ್ಯ 6:1 ಇಲ್ಲಿ ತೆಗೀರಿ. ಯಾರಾದ್ರೂ ತಪ್ಪಿನಲ್ಲಿ ಸಿಕ್ಕಿಬಿದ್ರೆ ಆತ್ಮನಿಂದ ನಡೆಯುವವರು ಅವನನ್ನ ಸಾತ್ವಿಕ ಮನಸ್ಸಿನಿಂದ ಸರಿಮಾಡಬೇಕು ಅಂತಾನೆ ಪೌಲ. ಅಲ್ಲಿ ಗ್ರೀಕ್‌ನಲ್ಲಿ ಇರೋ ಕ್ರಿಯಾಪದ "ಕತಾರ್ತಿಜೊ". ಮಾರ್ಕ 1:19ರಲ್ಲಿ ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡ್ತಿದ್ರಲ್ಲ, ಅಲ್ಲೂ ಅದೇ ಪದ. ಬಲೆ ಹೊಲಿಯೋರನ್ನ ನೋಡಿದ್ದೀರಾ? ಬಲೆಯನ್ನ ಎಳೆದಾಡಲ್ಲ. ಒಂದೊಂದು ಕಣ್ಣನ್ನ ಬೆರಳಲ್ಲಿ ಹಿಡಿದು, ಹರಿದದ್ದು ಎಲ್ಲಿಂದ ಶುರು ಅಂತ ಹುಡುಕಿ, ಗಂಟು ಹಾಕ್ತಾರೆ. ಪೌಲ ಸಾತ್ವಿಕ ಮನಸ್ಸು ಅಂದಾಗ ಮೆದು ಮಾತು ಅಂತ ಮಾತ್ರ ನಾವು ಅಂದ್ಕೋತೀವಿ. ನನಗೆ ಅನ್ನಿಸೋದು, ಅದರಲ್ಲಿ ಈ ಬೋಲ್ಟ್ ಯಾವ ಕಡೆ ತಿರುಗುತ್ತೆ ಅಂತ ಮೊದಲು ನೋಡೋ ಜವಾಬ್ದಾರಿನೂ ಇದೆ. ಒಬ್ಬ ಹುಡುಗ ಗದರಿದ್ರೆ ಎಚ್ಚರ ಆಗ್ತಾನೆ, ಇನ್ನೊಬ್ಬ ಅದೇ ಗದರಿಕೆಗೆ ಇನ್ನೂ ಬಿಗಿ ಆಗ್ತಾನೆ.

ಇನ್ನು ನನಗೆ ಬಹಳ ಇಷ್ಟವಾದ, ಕೆಲಸದಲ್ಲಿ ಬಹಳ ಬೆವರಿಳಿಸಿದ ಭಾಗ. ಈ ಎಂಜಿನ್ ಬ್ಲಾಕ್ ಒಳಗೆ ಉದ್ದಕ್ಕೂ ಒಂದು ತೆಳು ತಗಡಿನ ಕೊಳವೆ ಇದೆ. ವಾಟರ್ ಪಂಪ್ ತಳ್ಳೋ ನೀರು ಆ ಕೊಳವೆಯ ತೂತುಗಳಿಂದ ಒಂದೊಂದು ಸಿಲಿಂಡರ್‌ನ ವಾಲ್ವ್ ಹತ್ತಿರಕ್ಕೆ ಹೋಗಿ ತಂಪು ಮಾಡುತ್ತೆ. ವರ್ಷಗಟ್ಟಲೆ ಕೂಲಂಟ್ ಇಲ್ಲದೆ ಬರೀ ನಲ್ಲಿ ನೀರು ಹಾಕಿದ್ರೆ ಆ ಕೊಳವೆ ತುಕ್ಕು ಹಿಡಿದು ಕರಗುತ್ತೆ. ಆಗ ಮುಂದಿನ ಸಿಲಿಂಡರ್‌ಗಳಿಗೆ ನೀರು ಸಿಗುತ್ತೆ, ಹಿಂದಿನವು ಸುಡ್ತವೆ. ಹೊರಗಿಂದ ಕಾಣಲ್ಲ. ಹೊಸ ರೇಡಿಯೇಟರ್ ಹಾಕಿ, ಹೊಸ ಪಂಪ್ ಹಾಕಿ, ಮೇಲೆ ಹೊಳೆಯೋ ಬಣ್ಣ ಹೊಡೀರಿ. ಕುಮಾರಕೃಪಾ ರಸ್ತೆಯಲ್ಲಿ ಒಂದು ರೌಂಡ್ ಚೆನ್ನಾಗೇ ಹೋಗುತ್ತೆ. ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ ಬಿಡದಿ ಕಡೆ ಹೊರಟ್ರೆ ಹಿಂದಿನ ವಾಲ್ವ್ ಸುಟ್ಟು ಗಾಡಿ ನಿಲ್ಲುತ್ತೆ.

ಆ ಕೊಳವೆ ತೆಗೀಬೇಕು ಅಂದ್ರೆ ರೇಡಿಯೇಟರ್ ಇಳಿಸಬೇಕು, ಪಂಪ್ ಬಿಚ್ಚಬೇಕು, ಮುಂದಿನಿಂದ ಕೊಕ್ಕೆ ಹಾಕಿ ಎಳೀಬೇಕು. ಇಡಿಯಾಗಿ ಬಂದ್ರೆ ಪುಣ್ಯ. ನಮಗೆ ಚೂರು ಚೂರಾಗಿ ಬಂತು. ಎರಡು ಶನಿವಾರ ಹಿಡೀತು. ಹೊರಗೆ ಬಂದ ಕೆಸರು, ತುಕ್ಕಿನ ಹೆಕ್ಕಳ ಎಲ್ಲ ಸೇರಿ ಅರ್ಧ ಬಕೆಟ್. ಹಿಜ್ಕೀಯನ ಕಾಲದಲ್ಲಿ ಲೇವಿಯರು ಆಲಯದ ಹೊಲಸನ್ನ ಕಿದ್ರೋನ್ ಹಳ್ಳಕ್ಕೆ ಹೊತ್ತು ಹಾಕಿದ್ರು ಅಂತ 2 ಪೂರ್ವಕಾಲವೃತ್ತಾಂತ 29ರಲ್ಲಿ ಓದ್ತೀವಿ. ಪ್ರಾಕಾರದವರೆಗೆ ಎಂಟು ದಿನ, ಒಳಗೆ ಇನ್ನೂ ಎಂಟು ದಿನ. ಅರ್ಧ ಬಕೆಟ್ ನೋಡಿದ ಮೇಲೆ ಆ ಅಧ್ಯಾಯ ನನಗೆ ಬೇರೆ ಥರ ಓದಿಸಿಕೊಳ್ತು.

ಉಳಿದ ಕೆಲಸ ಬೇಗ ಹೇಳ್ತೀನಿ. ಬ್ರೇಕ್‌ನ ವೀಲ್ ಸಿಲಿಂಡರ್‌ಗಳಿಗೆ ನಮ್ಮ ಶೆಡ್‌ನಲ್ಲೇ ಸ್ಲೀವ್ ಹಾಕಿದ್ವಿ. ಈಗ ಬಂಕ್‌ನಲ್ಲಿ ಸಿಗೋದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್‌ಗೆ ಅದು ಒಗ್ಗಲ್ಲ, ಅದಕ್ಕೆ ಪೈಪ್, ಪಂಪ್‌ನ ಡಯಾಫ್ರಮ್ ಎಲ್ಲ ಬದಲು. ವೈರಿಂಗ್ ಪೂರ್ತಿ ನಕ್ಷೆ ಬರೆದವಳು ಬಸವೇಶ್ವರನಗರದ ನಮ್ಮ ಎಂಜಿನಿಯರಿಂಗ್ ಸಿಸ್ಟರ್. ಈ ಕಾರಿನದು 6 ವೋಲ್ಟ್, ಅದೂ ಬ್ಯಾಟರಿಯ ಪಾಸಿಟಿವ್ ತಂತಿ ಬಾಡಿಗೆ. ವೋಲ್ಟ್ ಅರ್ಧ ಅಂದ್ರೆ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟ್, ಹಾಗಾಗಿ ಕೇಬಲ್ ದಪ್ಪ ಇರಲೇಬೇಕು ಅಂತ ಹಟ ಹಿಡಿದು ತರಿಸಿದ್ದೂ ಅವಳೇ. ಸ್ಟಾರ್ಟರ್ ಮೊದಲ ಸಲಕ್ಕೇ ತಿರುಗಿತು. ಬಂಪರ್‌ನ ಕ್ರೋಮ್ ಇನ್ನೂ ಪ್ಲೇಟಿಂಗ್‌ನವರ ಹತ್ತಿರ ಇದೆ. ಮೇಲಿನ ಕ್ರೋಮ್ ಪದರ ಒಂದು ಮೈಕ್ರಾನ್ ಕೂಡ ಇರಲ್ಲ, ಹೊಳಪೆಲ್ಲ ಕೆಳಗಿನ ನಿಕ್ಕಲ್‌ದು ಮತ್ತು ಪಾಲಿಶ್‌ದು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಒಂದು ದಿನ ಒಬ್ಬ ಪರಿಚಿತ ಮೇಸ್ತ್ರಿ ಬಂದು ನೋಡಿ, "ಇಷ್ಟು ಕಷ್ಟ ಯಾಕೆ ಸಾರ್, ಒಂದು ಡೀಸೆಲ್ ಎಂಜಿನ್ ಕೂರಿಸಿ, ಎಸಿ ಹಾಕಿ, ಮದುವೆ ಬಾಡಿಗೆಗೆ ಬಿಡಿ" ಅಂದ. ಅಂಕಲ್ ಮಗನಿಗೂ ಆ ಮಾತು ಹಿಡಿಸ್ತು. ತಪ್ಪೇನಿಲ್ಲ, ಅವರದ್ದೇ ದುಡ್ಡು. ಆದ್ರೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮ ನೋಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಉಳಿದಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸಿರಬಾರದು. ಹೊಸದಾಗಿ ನೋಂದಣಿ ಮಾಡಿಸೋರಿಗೆ ಶುಲ್ಕ 20,000 ರೂಪಾಯಿ, ನಂಬರ್‌ನಲ್ಲಿ "ವಿಎ" ಅಕ್ಷರ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಣಕ್ಕೆ 5,000. ಮುಂಚೆಯೇ ನೋಂದಣಿ ಆಗಿರೋ ಗಾಡಿ ತನ್ನ ಹಳೇ ನಂಬರ್ ಉಳಿಸಿಕೊಳ್ಳಬಹುದು. ಬಾಡಿಗೆಗೆ ಓಡಿಸೋಕಾಗಲ್ಲ, ದಿನಾ ಆಫೀಸಿಗೆ ಒಯ್ಯೋಕಾಗಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಅಷ್ಟಕ್ಕೇ ರಸ್ತೆಗೆ. ಅಂಕಲ್ ಎರಡೂ ಕೇಳಿಸಿಕೊಂಡ್ರು. "ನಮ್ಮಪ್ಪನ ನಂಬರ್ ಇರಲಿ" ಅಂದ್ರು. ಅಲ್ಲಿಗೆ ಡೀಸೆಲ್ ಮಾತು ಮುಗೀತು. ಸುಸ್ಥಿತಿಯಲ್ಲಿರೋ ಇಂಥ ಗಾಡಿಗಳನ್ನ ನೋಡಬೇಕು ಅನ್ನೋರು ಶ್ರೀರಂಗಪಟ್ಟಣದ ಹತ್ತಿರ ಇರೋ ಪಯಣ ಕಾರು ಸಂಗ್ರಹಾಲಯಕ್ಕೆ ಹೋಗಿ ಬನ್ನಿ.

ಈಗ ಎರಡನೇ ಪ್ರಶ್ನೆ. ಇದನ್ನ ನಮ್ಮ ತಮ್ಮನ ಒಪ್ಪಿಗೆ ಪಡೆದೇ ಹೇಳ್ತಿದ್ದೀನಿ. ಈ ಭಾಗ ಅವನೇ ಓದಿ, ಎರಡು ಸಾಲು ತಿದ್ದಿ ಕೊಟ್ಟಿದ್ದಾನೆ. ಅವನು ಆನ್‌ಲೈನ್ ರಮ್ಮಿಯಲ್ಲಿ ಸಿಕ್ಕಿಬಿದ್ದಿದ್ದ. ಲೋನ್ ಆ್ಯಪ್‌ನಲ್ಲಿ ಸಾಲ, ಅದನ್ನ ತೀರಿಸೋಕೆ ಇನ್ನೊಂದು ಆ್ಯಪ್, ಆಮೇಲೆ ನಿಮ್ಮಲ್ಲಿ ಕೆಲವರ ಹತ್ತಿರ ಕೈಗಡ. ತಾನೇ ಬಂದು ಹೇಳಿಕೊಂಡ, ತಾನೇ ತಂಡದಿಂದ ಕೆಳಗೆ ಬಂದ. ಅವತ್ತಿಂದ ಒಂದು ಶನಿವಾರವೂ ಬಿಟ್ಟಿಲ್ಲ. ಆ ಕೊಳವೆಯ ಚೂರು ಎಳೆದದ್ದು ಹೆಚ್ಚಾಗಿ ಅವನೇ.

ಯೂತ್ ಕ್ಯಾಂಪ್‌ನಲ್ಲಿ ಅವನ ಸಾಕ್ಷಿ ಇಡೋಣ, ವಿಡಿಯೋ ಮಾಡೋಣ ಅಂತ ನೀವು ಕೇಳಿದ್ರಿ. ನಿಮ್ಮ ಪ್ರೀತಿ ಗೊತ್ತು. ನಾನು ಬೇಡ ಅಂದೆ, ಇವತ್ತೂ ಬೇಡ ಅಂತೀನಿ. ದೇವರು ಅವನನ್ನ ಕ್ಷಮಿಸಿದ್ದಾನೆ, ಅದರಲ್ಲಿ ನನಗೆ ಒಂದಿಷ್ಟೂ ಸಂಶಯ ಇಲ್ಲ. ಆದ್ರೆ ಸಂಬಳದ ಎಟಿಎಂ ಕಾರ್ಡ್ ಇನ್ನೂ ಅವನ ಅಮ್ಮನ ಹತ್ತಿರ ಇದೆ. ತಿಂಗಳಿಗಿಷ್ಟು ಅಂತ ಸಾಲ ತೀರ್ತಾ ಇದೆ, ಮುಗಿಯೋಕೆ ಇನ್ನೂ ಸಮಯ ಬೇಕು. ರಾತ್ರಿ ಹನ್ನೊಂದರ ಮೇಲೆ ಫೋನ್ ಕೈಗೆ ಬಂದ್ರೆ ಅವನು ನಮ್ಮಿಬ್ಬರು ಬ್ರದರ್ಸ್‌ಗೆ ಕರೆ ಮಾಡ್ತಾನೆ, ಕೆಲವು ರಾತ್ರಿ ಎರಡು ಸಲ. ಈ ಹೊತ್ತಿನಲ್ಲಿ ಸ್ಟೇಜ್, ಲೈಟ್, ಚಪ್ಪಾಳೆ ಕೊಟ್ರೆ, ಮುಂದಿನ ಸಲ ಮನಸ್ಸು ಎಳೆದಾಗ ಅವನು ಯಾರಿಗೆ ಫೋನ್ ಮಾಡ್ತಾನೆ? "ಸಾಕ್ಷಿ ಹೇಳಿದವನು" ಅನ್ನೋ ಹೆಸರು ಉಳಿಸಿಕೊಳ್ಳೋಕೆ ಬಾಯಿ ಮುಚ್ಚಿಕೊಳ್ತಾನೆ. ನಾನು ಇದನ್ನ ಹೇಳಿದಾಗ ಅವನು ಕೈಯ ಗ್ರೀಸ್ ಒರೆಸಿಕೊಳ್ತಾ, "ಅಣ್ಣ, ನನಗೂ ಅದೇ ಭಯ. ನಾನೇ ಕೇಳೋವರೆಗೂ ಕಾಯಿರಿ" ಅಂದ. ಕಾಯ್ತೀವಿ. ಕೀಬೋರ್ಡ್‌ಗೆ ಅಲ್ಲಿವರೆಗೂ ಬೇರೆಯವರು ಇದ್ದಾರೆ, ಸ್ವರ ಸ್ವಲ್ಪ ಆಚೀಚೆ ಆದ್ರೆ ಸಹಿಸಿಕೊಳ್ಳಿ.

ಮುಂದಿನ ಶನಿವಾರ ಮಧ್ಯಾಹ್ನ ಮೂರಕ್ಕೆ ಬ್ರೇಕ್ ಪೈಪ್ ಕೆಲಸ. ನಾಲ್ಕು ಜನ ಸಾಕು, ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಅವನಿಗೆ ಕೈಗಡ ಕೊಟ್ಟವರು ಮೂರು ಜನ ಈ ಕೋಣೆಯಲ್ಲೇ ಇದ್ದೀರಿ. ಪ್ರಾರ್ಥನೆ ಆದ ಮೇಲೆ ದಯವಿಟ್ಟು ಹಿಂದಿನ ಸಾಲಿನ ಹತ್ತಿರ ಸಿಗಿ. ಅವನೂ ಅಲ್ಲೇ ಇರ್ತಾನೆ, ಯಾರಿಗೆ ಯಾವ ತಿಂಗಳು ಎಷ್ಟು ಅಂತ ಪಟ್ಟಿ ಬರೆದು ತಂದಿದ್ದಾನೆ. ಎಲ್ಲರೂ ಎದ್ದು ನಿಂತುಕೊಳ್ಳೋಣ.